ಆರ್ವೊನ ಮೊಳೆಗಾಡಿ ಮತ್ತು ಅತ್ತೆಯ ಕಾಫಿ ಕೆಟಲು

ಆರ್ವೊನ ಅತ್ತೆ ಸಾಯುವಾಗ ಇಬ್ಬರು ಮಕ್ಕಳನ್ನೂ ಒಂದೇ ಒಂದು ತಾಮ್ರದ ಕಾಫಿ ಕೆಟಲನ್ನೂ ಬಿಟ್ಟು ಹೋದಳು. ಲೆಕ್ಕ ಸರಿಹೋಗದೆಂದು ಆ ಮುದುಕಿಗೂ ಗೊತ್ತಿತ್ತು. ಅದಕ್ಕೇ ಚಳಿಗಾಲ ಮುಗಿಯುವ ಹೊತ್ತಿಗೆ ಎರಡೂ ಮನೆಯವರು ಹೆಪ್ಪುಗಟ್ಟಿದ ಕೆರೆಯ ಮೇಲೆ ಎಂಜಿನ್ನಿನ ಹಿಮಗಾಡಿ ಓಡಿಸಬೇಕು, ಗೆದ್ದವರ ಮನೆಯಲ್ಲಿ ಒಂದು ವರ್ಷ ಕೆಟಲು ಇರಬೇಕು ಎಂದು ಅಪ್ಪಣೆ ಮಾಡಿ ಕಣ್ಣು ಮುಚ್ಚಿದಳು. ಅಂದಿನಿಂದ ಕೆಟಲು ಆರ್ವೊನ ಭಾವಮೈದುನ ತೌನೊನ ಮನೆ ಬಿಟ್ಟು ಕದಲಿಲ್ಲ.

ಕದಲದಿದ್ದರೆ ಹಾಳಾಗಿ ಹೋಗಲಿ, ತೌನೊನ ಹೆಂಡತಿ ಅದರಲ್ಲಿ ಪ್ಲಾಸ್ಟಿಕ್ ಹೂವು ಸಿಕ್ಕಿಸಿಟ್ಟಿದ್ದಳು. ಅಮ್ಮ ದಿನವೂ ಕಾಫಿ ಕಾಯಿಸಿದ ಕೆಟಲಿನಲ್ಲಿ ಹೂವು! ಅದನ್ನು ಕಂಡು ಬಂದ ದಿನ ಆರ್ವೊನ ಹೆಂಡತಿ ಸೈಮಾ ಊಟ ಮಾಡಲಿಲ್ಲ. (ಆರ್ವೊ ಮಾಡಿದ. ದುಃಖದಲ್ಲಿ ಅವನಿಗೆ ಹಸಿವು ಜಾಸ್ತಿ.)

ಸೋಲಿಗೆ ಕಾರಣ ತಾನಲ್ಲ, ಮಂಜುಗಡ್ಡೆ ಎಂಬುದು ಆರ್ವೊನ ಖಚಿತ ಅಭಿಪ್ರಾಯ. ಹೋದ ವರ್ಷ ಗಾಳಿ ಹಿಮವನ್ನೆಲ್ಲ ಗುಡಿಸಿಕೊಂಡು ಹೋಗಿ ಕೆರೆ ಗಾಜಿನಂತಾಗಿತ್ತು. ಅವನ ಗಾಡಿಯ ಹಿಂದೆ ಚಕ್ರದ ಬದಲಿಗಿರುವ ರಬ್ಬರ್ ಬೆಲ್ಟು ಗಿರಗಿರನೆ ಸುತ್ತಿತು, ಗಾಡಿಯೂ ನಿಂತಲ್ಲೇ ಸುತ್ತಿತು, ಆರ್ವೊನೂ ಸುತ್ತಿದ. ಚರ್ಚಿಗೆ ಬರುವ ಅಷ್ಟೂ ಜನ ದಡದಲ್ಲಿ ನಿಂತು ನೋಡಿದರು. ಪಾದ್ರಿಗಳಂತೂ ಟೋಪಿಯಿಂದ ಮುಖ ಮುಚ್ಚಿಕೊಂಡು ನಕ್ಕರು.

ಈ ವರ್ಷ ಆರ್ವೊನಿಗೆ ಜ್ಞಾನೋದಯವಾಯಿತು: ಬೆಲ್ಟಿಗೆ ಉಕ್ಕಿನ ಮೊಳೆ!

ಜನವರಿ ಪೂರ್ತಿ ಅವನು ಗರಾಜಿನಲ್ಲೇ ವಾಸ ಮಾಡಿದ. ಗಾಡಿಯ ಹಿಂಭಾಗವನ್ನು ಮರದ ದಿಮ್ಮಿಯ ಮೇಲೆ ಕೂರಿಸಿ, ಬೆಲ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಡ್ರಿಲ್ಲಿನಿಂದ ತೂತು ಕೊರೆದು, ಒಳಗಿನಿಂದ ಮೊಳೆ ತೂರಿಸಿ, ಹೊರಗಿನಿಂದ ವಾಷರು, ನಟ್ಟು ಹಾಕಿ ಬಿಗಿದ. ಬೆರಳು ಮರಗಟ್ಟಿ ನಟ್ಟು ಯಾವುದು, ಉಗುರು ಯಾವುದು ತಿಳಿಯದಾದಾಗ ಒಲೆಯ ಹತ್ತಿರ ಕೂತು ಮತ್ತೆ ಎದ್ದ. ನೋಡಲು ಬಂದವರಿಗೆಲ್ಲ, ಬಾರದವರನ್ನು ಕರೆದುತಂದು, ಉಪನ್ಯಾಸ ಕೊಟ್ಟ. ಒಂದು ಮೊಳೆಯ ಹಿಂದೆ ನೇರಕ್ಕೆ ಇನ್ನೊಂದು ಬರಕೂಡದು, ಬಂದರೆ ಎರಡನೆಯದು ಮೊದಲಿನದರ ಗೀರಿನಲ್ಲೇ ಜಾರುತ್ತದೆ, ಪ್ರತಿಯೊಂದು ಮೊಳೆಯೂ ತನ್ನದೇ ಗೀರು ಕೆತ್ತಬೇಕು ಎಂಬ ಮಹಾತತ್ತ್ವವನ್ನು ಅಂಚೆಯವನಿಗೂ ಬಿಡದೆ ಬೋಧಿಸಿದ. ಹೇಳಬೇಕಾದ್ದು ಹೇಳಲೇಬೇಕು, ಕೆಲಸ ಬಹಳ ಚೆನ್ನಾಗಿಯೇ ಆಗಿತ್ತು. ಆ ಬೆಲ್ಟನ್ನು ನೋಡಿದರೆ ಮೊಸಳೆಗೂ ಹಲ್ಲು ನೋವು ಬರಬೇಕು.

ಏಲಕ್ಕಿ ಬ್ರೆಡ್ಡು, ಕಾಫಿ ಹಿಡಿದು ಬಂದ ಸೈಮಾ ಬೆಲ್ಟನ್ನು ನೋಡಿದಳು. ಆಮೇಲೆ ಬಗ್ಗಿ ಗಾಡಿಯ ಮುಂದಿನ ಜಾರುಪಟ್ಟಿಗಳ ಅಡಿಗೆ ಬೆರಳು ಸವರಿದಳು. ಅಪ್ಪನ ಗಾಡಿಯಲ್ಲಿ ಬೆಳೆದವಳು ಅವಳು.

"ಅಲ್ರೀ, ಹಿಂದೆ ಇಷ್ಟೊಂದು ಹಿಡಿತ ಕೊಟ್ರಿ ಸರಿ. ಮುಂದೆ ಪಟ್ಟಿ ಕೆಳಗೆ ಮಂಜು ಕಚ್ಚೋ ಕಂಬಿ ಸವೆದು ಹಪ್ಪಳ ಆಗಿದೆಯಲ್ಲ, ಗಾಡಿ ತಿರುಗೋದು ಹೇಗೆ?"

"ತಿರುಗಿಸೋದು ಕೈ ಕೆಲಸ ಕಣೇ. ಕಂಬಿ ಕೆಲಸ ಅಲ್ಲ," ಎಂದು ಆರ್ವೊ ಬ್ರೆಡ್ಡು ಅದ್ದಿಕೊಂಡ. ಸೈಮಾ ಲೋಟ ಎತ್ತಿಕೊಂಡು ಹೋದಳು. ಅವಳು ಸುಮ್ಮನಾದದ್ದನ್ನು ಆರ್ವೊ ಒಪ್ಪಿಗೆ ಎಂದುಕೊಂಡ. (ಮದುವೆಯಾಗಿ ಇಷ್ಟು ವರ್ಷವಾದರೂ!)

ಪಂದ್ಯದ ದಿನ ದೋಣಿ ಇಳಿಸುವ ಇಳಿಜಾರಿನ ಬುಡದಿಂದ ಎರಡೂ ಗಾಡಿ ಹೊರಟವು. ನಡುಗೆರೆಯಲ್ಲಿ ಮಂಜಿಗೆ ನೆಟ್ಟ ದೇವದಾರು ಕೊಂಬೆಯನ್ನು ಸುತ್ತಿ ವಾಪಸು ಬರಬೇಕು. ಆರ್ವೊ ಗುಂಡಿನಂತೆ ಚಿಮ್ಮಿದ. ಮಂಜಿನ ಪುಡಿ ಹಾರಿ ತೌನೊನ ಮೀಸೆ ಬೆಳ್ಳಗಾಯಿತು. ದಡದಲ್ಲಿ ಜನ ಕೇಕೆ ಹಾಕಿದರು. ಆರ್ವೊನ ಎದೆ ಕೋಟಿನ ಗುಂಡಿ ಕೀಳುವಷ್ಟು ಉಬ್ಬಿತು. ಕೊಂಬೆ ಬಂತು. ಆರ್ವೊ ಹ್ಯಾಂಡಲು ತಿರುಗಿಸಿದ. ಹ್ಯಾಂಡಲು ತಿರುಗಿತು, ಜಾರುಪಟ್ಟಿ ತಿರುಗಿತು, ಗಾಡಿ ಮಾತ್ರ ತಿರುಗಲಿಲ್ಲ. ಹಿಂದಿನ ಮೊಳೆಗಳು ಅದನ್ನು ನೆಟ್ಟಗೆ, ಅತಿ ನಿಷ್ಠೆಯಿಂದ, ಆಚೆ ದಡಕ್ಕೆ ತಳ್ಳಿಕೊಂಡು ಹೋಗಿ ಜೊಂಡಿನ ಹಿಮದ ಗುಡ್ಡೆಯೊಳಗೆ ಹೂತವು.

ತೌನೊ ಗೆದ್ದ. ಪಂದ್ಯಕ್ಕೆಂದು ತಂದಿದ್ದ ಕೆಟಲನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಕೆರೆಯ ಮೇಲೆ ನಿಲ್ಲಿಸಿದ್ದ ಪಿಕಪ್ಪು ಹತ್ತಿ ಇಳಿಜಾರು ಏರಲು ಹೋದ. ಬೆಳಗಿನಿಂದ ನೂರು ಬೂಟು ತಿಕ್ಕಿದ ಇಳಿಜಾರು ಕನ್ನಡಿಯಾಗಿತ್ತು. ಪಿಕಪ್ಪು ಅರ್ಧ ಏರಿ ಜಾರಿ ಕೆರೆಗೇ ಬಂತು. ಜನ ನೂಕಿದರು, ಅವರೂ ಜಾರಿದರು. ತೌನೊನ ಹಿಮಗಾಡಿಗೆ ಹಗ್ಗ ಕಟ್ಟಿ ಎಳೆಸಿದರೆ ಅದು ಹೋದ ವರ್ಷದ ಆರ್ವೊನಂತೆ ಸುತ್ತಿತು.

ಸೈಮಾ ಪಿಕಪ್ಪಿನ ಕಿಟಕಿಯ ಹತ್ತಿರ ಹೋದಳು. "ನಮ್ಮ ಮೊಳೆಗಾಡೀಲಿ ಎಳೆದು ಹಾಕ್ತೀವಿ. ಮೊದ್ಲು ಕೆಟಲು ಇತ್ತ ಕೊಡು."

"ಅದು ನಾನು ಗೆದ್ದಿದ್ದು ಕಣಕ್ಕ."

"ಹಾಗಾದ್ರೆ ಇಲ್ಲೇ ಕೂತು ಕಾಫಿ ಕಾಯಿಸ್ಕೊಳಪ್ಪ. ಏಪ್ರಿಲ್‌ನಲ್ಲಿ ಮಂಜು ಕರಗುತ್ತೆ."

ತೌನೊ ಕಾಲಡಿಯ ಮಂಜನ್ನು ನೋಡಿದ, ಅಕ್ಕನ ಮುಖ ನೋಡಿದ. ಕೆಟಲು ಕಿಟಕಿಯಿಂದ ಹೊರಗೆ ಬಂತು.

ಕೆಟಲು ಕಂಕುಳಲ್ಲಿಟ್ಟುಕೊಂಡು ಸೈಮಾ ಕೆರೆ ದಾಟಿದಳು. ಜೊಂಡಿನಲ್ಲಿ ಗಾಡಿಯ ಮೇಲೆ ಕೂತೇ ಇದ್ದ ಗಂಡನನ್ನು ಇಳಿಸಿ ತಾನು ಕೂತಳು.

"ತಿರುಗಿಸೋದು ಕೈ ಕೆಲಸ ಅಂದಿದ್ರಲ್ಲ. ಮೂತಿ ಹಿಡಿದು ಎತ್ತಿ."

ಆರ್ವೊ ಗಾಡಿಯ ಮೂತಿಯನ್ನು ತೆಕ್ಕೆಗೆ ತೆಗೆದುಕೊಂಡು, ಮುಕ್ಕರಿಸಿ, ಎತ್ತೆತ್ತಿ ಇಟ್ಟು ಇಳಿಜಾರಿನ ಕಡೆಗೆ ತಿರುಗಿಸಿದ. ಮಿಕ್ಕ ದಾರಿಯೆಲ್ಲ ನೇರ. ನೇರಕ್ಕೆ ಹೋಗುವುದರಲ್ಲಿ ಆ ಗಾಡಿಗೆ ಸಮನಾದದ್ದು ಸುತ್ತಮುತ್ತಲೂ ಇರಲಿಲ್ಲ. ಒಂದು ಮೊಳೆಯೂ ಅಲುಗದೆ ಅದು ಪಿಕಪ್ಪನ್ನು ರಸ್ತೆಗೆ ಎಳೆದು ಹಾಕಿತು. ನಡೆದು ಬರುತ್ತಿದ್ದ ಆರ್ವೊ ದೂರದಿಂದಲೇ ಕಂಡು ಹೆಮ್ಮೆಯಿಂದ ಕಣ್ಣೊರೆಸಿಕೊಂಡ.

ಆ ಸಂಜೆ ಅತ್ತೆಯ ಕೆಟಲಿನಲ್ಲಿ ಕಾಫಿ ಕುದಿಯಿತು. ಸೈಮಾ ಮುಚ್ಚಳವನ್ನು ಮೃದುವಾಗಿ ಸವರುತ್ತ ಸ್ವಲ್ಪ ಅತ್ತಳು, ಬಹಳ ನಕ್ಕಳು. ಆರ್ವೊ ಗಂಟಲು ಸರಿಪಡಿಸಿಕೊಂಡು, ಕೆಟಲು ಮನೆಗೆ ತಂದದ್ದು ತನ್ನ ಮೊಳೆಗಳು ಎಂಬ ಸತ್ಯವನ್ನು ಸಭೆಯ ಗಮನಕ್ಕೆ ತಂದ. ಸೈಮಾ ಒಪ್ಪಿಕೊಂಡಳು, ಅವನ ಬಟ್ಟಲಿಗೇ ಮೊದಲು ಕಾಫಿ ಬಗ್ಗಿಸಿದಳು. ಆರ್ವೊ ಮೀಸೆ ತಿರುವಿ, ಬರುವ ವರ್ಷ ಹೊಸ ಕಂಬಿಯೂ ಹಾಕಿಸಿ ಓಡಿಸಿದರೆ ತನ್ನನ್ನು ಹಿಡಿಯುವವರೇ ಇಲ್ಲ ಎಂದ.

"ಓಡಿಸೋದು ನಾನು," ಎಂದಳು ಸೈಮಾ. "ಕಂಬಿಗೆ ದುಡ್ಡು ದಂಡ ಯಾಕೆ? ನೀವು ಕೊಂಬೆ ಹತ್ರ ನಿಂತಿರಿ. ನಾನು ಬಂದಾಗ ಎತ್ತಿ ತಿರುಗಿಸಿ."