ಲ್ಯಾಪ್‌ಟಾಪಿಗೆ ಹಣೆ ಎಲ್ಲಿದೆ?

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಇಸ್ಪೀಟಿನ ಚಟ ಇರುತ್ತದೆ. ನನಗೆ ಅಭಿಪ್ರಾಯಗಳಿವೆ. ರಾಜಕೀಯದ ಮೇಲೋ ಕ್ರಿಕೆಟ್ಟಿನ ಮೇಲೋ ಆಗಿದ್ದರೆ ಕೂಡ್ಲಿಗಿಯ ಯಾವ ಚಹಾದಂಗಡಿಯಲ್ಲಾದರೂ ಚೆಲ್ಲಿ ಹಗುರಾಗಿ ಮನೆಗೆ ಬರಬಹುದಿತ್ತು. ನನ್ನವು ಕಂಪ್ಯೂಟರಿನ ಮೇಲಿನ ಅಭಿಪ್ರಾಯಗಳು. ಇವನ್ನು ಕೇಳಲು ಮನುಷ್ಯ ಒಂದೋ ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿರಬೇಕು, ಇಲ್ಲವೇ ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಹೊಸಪೇಟೆಯವರೆಗೆ ಬಸ್ಸಿನಲ್ಲಿ ಸಿಕ್ಕಿಬಿದ್ದಿರಬೇಕು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಕಂಪ್ಯೂಟರನ್ನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ಮಾರುಕಟ್ಟೆಗೆ ಬಂದ ಪ್ರತಿಯೊಂದು ಸಾಮಾನಿನ ಗುಣದೋಷಗಳನ್ನು ಓದಿ, ನೋಡಿ, ಮನನ ಮಾಡಿದ್ದೇನೆ. ಕೊಂಡಿದ್ದು ಕಡಿಮೆ, ಬಲ್ಲದ್ದು ಹೆಚ್ಚು.

ರ‍್ಯಾಮ್ ಎಂದರೇನು ಎಂದು ನಮ್ಮ ಕಚೇರಿಯಲ್ಲಿ ಯಾರನ್ನು ಎಬ್ಬಿಸಿ ಕೇಳಿದರೂ ಹೇಳುತ್ತಾರೆ, ಅಷ್ಟು ಸಲ ಹೇಳಿದ್ದೇನೆ. ಹಾರ್ಡ್ ಡಿಸ್ಕ್ ರೊಟ್ಟಿ ಬುಟ್ಟಿ, ರ‍್ಯಾಮ್ ರೊಟ್ಟಿ ಬಡಿಯುವ ಜಾಗ. ಬಡಿಯಲು ಜಾಗವಿಲ್ಲದವಳ ಮನೆಯಲ್ಲಿ ಬುಟ್ಟಿ ಎಷ್ಟು ದೊಡ್ಡದಿದ್ದರೇನು, ಉಣ್ಣುವವರು ಕಾಯಲೇಬೇಕು. ತೆಳ್ಳನೆಯ ಲ್ಯಾಪ್‌ಟಾಪುಗಳ ಬಗ್ಗೆಯೂ ನನ್ನ ಮಾತು ಖಡಕ್ಕಾಗಿದೆ. ಅವು ತೆಳ್ಳಗಾದಷ್ಟೂ ತೂತುಗಳು ಕಡಿಮೆಯಾಗುತ್ತವೆ. ಪೆನ್‌ಡ್ರೈವ್ ಹಾಕಲು ಬೇರೆಯೊಂದು ಡಬ್ಬಿ ಕೊಳ್ಳಬೇಕು, ಆ ಡಬ್ಬಿ ಲ್ಯಾಪ್‌ಟಾಪಿಗಿಂತ ದಪ್ಪ. ಇನ್ನು ಕೀಬೋರ್ಡು ಅಂದರೆ ಒತ್ತಿದ್ದು ಕಿವಿಗೆ ಕೇಳಬೇಕು ಎಂಬ ಪಂಥದವನು ನಾನು. ಅಂಥದೊಂದನ್ನು ತರಿಸಿದಾಗ ಹೆಂಡತಿ ರೇಣುಕಾ ಮೊದಲ ದಿನವೇ, "ಏನ್ರಿ ಇದು, ಮಂಡಕ್ಕಿ ಭಟ್ಟಿಯೊಳಗ ಕುಂತಂಗ ಆಗತೈತಿ" ಎಂದಳು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ನನ್ನ ಮಾತು ಕೇಳದೆ ಹೋದವರೂ ಇದ್ದಾರೆ. ಸಹೋದ್ಯೋಗಿ ಕೊಟ್ರೇಶ ಆರು ವರ್ಷದ ಹಿಂದೆ ಲ್ಯಾಪ್‌ಟಾಪ್ ಕೊಳ್ಳುವಾಗ ನನ್ನಿಂದ ಎರಡು ಪುಟ ಟಿಪ್ಪಣಿ ಬರೆಸಿಕೊಂಡು ಹೋಗಿ, ನೀಲಿ ಬಣ್ಣ ಚೆಂದ ಕಂಡಿತೆಂದು ಬೇರೆ ಯಾವುದನ್ನೋ ತಂದ. "ಎರಡು ವರ್ಷ ಬಾಳಿದರೆ ಹೆಚ್ಚು" ಎಂದು ನಾನು ಕಚೇರಿಯಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದೆ. ಅದು ಇನ್ನೂ ಓಡುತ್ತಿದೆ. ಇನ್ನೊಬ್ಬರ ಸಾಮಾನು ಕೆಡಲಿ ಎಂದು ಬಯಸುವುದು ಪಾಪ, ನಾನು ಬಯಸುವುದಿಲ್ಲ. ತಿಂಗಳಿಗೊಮ್ಮೆ ವಿಚಾರಿಸುತ್ತೇನೆ, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ರೇಣುಕಾ ಇಟ್ಟಿಗಿಯವಳು, ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ ಹೋದಳೆಂದರೆ ಗುಜರಿ ಗಂಟು ಹೋಗಿ ಹಾಸಿಗೆಯ ಮೇಲೆ ಹೂದೋಟ ಬಂದಿರುತ್ತದೆ. ಹುಬ್ಬಳ್ಳಿಯಲ್ಲಿ ನಡೆಯುವ ಕೈಮಗ್ಗ-ಕಸೂತಿ ಪ್ರದರ್ಶನದಲ್ಲಿ ತನ್ನದೂ ಒಂದು ಮಳಿಗೆ ಇರಬೇಕೆಂಬುದು ಅವಳ ಎರಡು ವರ್ಷದ ಆಸೆ. ಹಿಂದಿನ ವರ್ಷ ಫೋಟೋ ಕಳಿಸಿದ್ದಳು, ಬಣ್ಣ ಸರಿಯಾಗಿ ತಿಳಿಯುತ್ತಿಲ್ಲ ಎಂದು ಬಿಟ್ಟುಬಿಟ್ಟರು. ಆಮೇಲೆ ಅವಳು ಒಂದು ತಿಂಗಳು ಸೂಜಿ ಮುಟ್ಟಲಿಲ್ಲ. ಈ ವರ್ಷ ಆಯ್ಕೆಯವರು ವಿಡಿಯೋ ಕರೆ ಮಾಡಿ ಒಬ್ಬೊಬ್ಬರಿಗೂ ಹತ್ತು ನಿಮಿಷ ಕೊಡುತ್ತೇವೆ, ಕೌದಿ ತೋರಿಸಿ, ಎದುರಿಗೇ ನಾಲ್ಕು ಹೊಲಿಗೆ ಹಾಕಿ ಎಂದಿದ್ದರು. ಅದಕ್ಕೆಂದೇ ಅವಳು ಹೊಸ ಕೌದಿ ಹೊಲಿದಿದ್ದಳು. ಅದರಲ್ಲಿ ಕುರಿ ಕಾಯುತ್ತಿದ್ದ ಅವಳಪ್ಪನ ಕೆಂಪು ರುಮಾಲು, ಅಜ್ಜಿಯ ಗಿಳಿಹಸಿರು ಸೀರೆ, ನಟ್ಟನಡುವೆ ನನ್ನ ಮದುವೆಯ ನೀಲಿ ಅಂಗಿ. ಅಂಗಿಯ ವಿಷಯದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.

"ಫೋನಿನಾಗ ಮಾಡಿದರಾತಲ್ರಿ" ಎಂದಳು ರೇಣುಕಾ. ನಾನು ಬಿಟ್ಟೇನೆಯೇ? ಫೋನಿನ ಕ್ಯಾಮೆರಾ ಮದುವೆ ದಲ್ಲಾಳಿ ಇದ್ದಂತೆ, ಎಲ್ಲರನ್ನೂ ಬೆಳ್ಳಗೆ ಮಾಡಿ ತೋರಿಸುತ್ತದೆ, ಬಣ್ಣದ ವಿಷಯದಲ್ಲಿ ಅದನ್ನು ನಂಬಬಾರದು ಎಂದು ಅರ್ಧ ಗಂಟೆ ವಿವರಿಸಿದೆ. ಮನೆಯಲ್ಲಿ ನಾನೇ ಆರಿಸಿ ತಂದ ಲ್ಯಾಪ್‌ಟಾಪ್ ಇರುವಾಗ ಹೆಂಡತಿ ಫೋನು ಹಿಡಿದು ಕೂತರೆ ನನ್ನ ಮರ್ಯಾದೆ ಏನಾಗಬೇಕು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆ. ಶುಕ್ರವಾರ ರಜೆ ಹಾಕಿ ಪರೀಕ್ಷೆಗೆ ಕುಳಿತೆ. ಕ್ಯಾಮೆರಾ ಹಚ್ಚಿದೆ. ಪರದೆಯ ಮೇಲೆ ರೇಣುಕಾ ಹಳದಿ, ಗೋಡೆ ಹಳದಿ, ಕೌದಿ ಪೂರ್ತಿ ಹಳದಿ. ರುಮಾಲಿನ ಕೆಂಪು, ಸೀರೆಯ ಹಸಿರು, ನನ್ನ ಅಂಗಿಯ ನೀಲಿ ಎಲ್ಲವೂ ಕೂಡಿ ಒಂದು ಪಾತ್ರೆ ಚಿತ್ರಾನ್ನವಾಗಿತ್ತು.

ಇಲ್ಲಿ ಓದುಗರಿಗೆ ಒಂದು ಸಂಗತಿ ಹೇಳಿಬಿಡಬೇಕು. ನಮ್ಮವ್ವ ಹೊಳಲಿನ ಕಡೆಯವಳು, ಮೈಲಾರಲಿಂಗನ ಒಕ್ಕಲು. ನನ್ನ ಹೆಸರೇ ಮೈಲಾರಪ್ಪ. ನಮ್ಮ ಮನೆಯಲ್ಲಿ ಅರಿಷಿಣಪುಡಿ ಬರೀ ಅರಿಷಿಣವಲ್ಲ, ದೇವರ ಭಂಡಾರ. ಅದೇ ವಾರ ಆಯುಧಪೂಜೆ ಆಗಿತ್ತು. ನಾನು ಬೈಕು, ಮಿಕ್ಸಿ, ರೂಟರು, ಕೀಬೋರ್ಡು, ಸತ್ತು ನಾಲ್ಕು ವರ್ಷವಾದ ಹಳೆಯ ಸಿಪಿಯು, ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟಿದ್ದೆ. ಅವ್ವ ಒದ್ದೆ ಬೆರಳಿನಲ್ಲಿ ಭಂಡಾರ ಅದ್ದಿ ಒಂದೊಂದಕ್ಕೂ ಹಣೆ ಹುಡುಕಿ ಹಚ್ಚಿದ್ದಳು. ಬೈಕಿನ ಹಣೆ ದೀಪದ ಮೇಲಿದೆ, ರೂಟರಿನ ಹಣೆ ಎರಡು ಕೊಂಬುಗಳ ನಡುವೆ ಇದೆ. ತೆರೆದಿಟ್ಟ ಲ್ಯಾಪ್‌ಟಾಪಿನ ಹಣೆ ಎಲ್ಲಿದೆ ಎಂದು ಯಾರೂ ಹೇಳಬೇಕಿಲ್ಲ. ಪರದೆಯ ಮೇಲಂಚಿನ ನಡುಮಧ್ಯದಲ್ಲಿದೆ. ಹಚ್ಚಿದ ಭಂಡಾರವನ್ನು ಒರೆಸಬಾರದು, ತಾನಾಗಿ ಹೋಗಬೇಕು ಎಂಬುದು ಅವ್ವನ ಕಟ್ಟಳೆ. ಹೀಗಾಗಿ ನಮ್ಮ ಮನೆಯ ಸಕಲ ಸಾಮಾನುಗಳೂ ವರ್ಷವಿಡೀ ಹಳದಿ ಹಣೆ ಹೊತ್ತುಕೊಂಡೇ ಇರುತ್ತವೆ, ನಾವೂ ಹಾಗೆಯೇ ಇರುತ್ತೇವೆ. ಹುಟ್ಟಿದಾಗಿನಿಂದ ನೋಡಿದ್ದು ಕಣ್ಣಿಗೆ ಕಾಣುವುದಿಲ್ಲ. ನೀವು ಈಗಾಗಲೇ ನಗುತ್ತಿದ್ದೀರಿ, ಗೊತ್ತು. ನಾನು ಆಗ ನಗುತ್ತಿರಲಿಲ್ಲ.

ಹಳದಿ ಕಂಡ ಕೂಡಲೇ ನನಗೆ ಒಳಗೊಳಗೇ ಖುಷಿಯಾಯಿತು. ಹೌದು, ಸುಳ್ಳು ಯಾಕೆ ಹೇಳಲಿ. ಕಾಯಿಲೆ ಅಪರೂಪದ್ದಾದಷ್ಟೂ ವೈದ್ಯನಿಗೆ ಉತ್ಸಾಹ. ಸಂಜೆ ಹೊತ್ತು ಕಣ್ಣಿಗೆ ತಂಪಾಗಲೆಂದು ಪರದೆಯನ್ನು ಹಳದಿ ಮಾಡುವ ಒಂದು ಏರ್ಪಾಡು ಇರುತ್ತದೆ, ಅದನ್ನು ಆರಿಸಿದೆ. ಹಳದಿ ಹೋಗಲಿಲ್ಲ. ಕ್ಯಾಮೆರಾ ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದೆ. ಟ್ಯೂಬ್‌ಲೈಟ್ ಬದಲಿಸಿದೆ, ಕಿಟಕಿಯ ಪರದೆ ಎಳೆದೆ, ಮತ್ತೆ ತೆಗೆದೆ. ರೇಣುಕಾ ಹತ್ತಿರ ಬಂದು ಬಗ್ಗಿ ನೋಡಿ, "ಒಮ್ಮಿ ಒರಸಿ ನೋಡ್ಲೇನ್ರಿ?" ಎಂದು ಸೆರಗು ಹಿಡಿದಳು.

"ಮುಟ್ಟಬ್ಯಾಡ!" ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಲೆನ್ಸನ್ನು ಸೀರೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಅದಕ್ಕೆ ಬೇರೆಯೇ ನುಣುಪು ಬಟ್ಟೆ ಬೇಕು, ಆ ಬಟ್ಟೆ ನಮ್ಮಲ್ಲಿಲ್ಲ, ಆದ್ದರಿಂದ ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದೆ. ನಂತರ ರೋಗನಿದಾನ ಹೇಳಿದೆ. ಲ್ಯಾಪ್‌ಟಾಪಿನ ಜೊತೆ ಬರುವ ಕ್ಯಾಮೆರಾ ತರಕಾರಿಯ ಜೊತೆ ಕೊಡುವ ಕೊತ್ತಂಬರಿ ಇದ್ದಂತೆ, ಅದರ ಮೇಲೆ ಸಂಸಾರ ನಡೆಸಬಾರದು. ಬೇರೆ ಕ್ಯಾಮೆರಾನೇ ಬೇಕು. ಹತ್ತೂವರೆಯ ಬಸ್ಸು ಹಿಡಿದು ಹೊಸಪೇಟೆಗೆ ಹೋದೆ, ಅಂಗಡಿಯವನಿಗೆ ಮುಕ್ಕಾಲು ಗಂಟೆ ಪಾಠ ಹೇಳಿ ಒಳ್ಳೆಯದೊಂದನ್ನು ಆರಿಸಿ ಮಧ್ಯಾಹ್ನ ಮೂರಕ್ಕೆಲ್ಲ ಮನೆಗೆ ಬಂದೆ. ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ.

ಬಂದು ಸಿಕ್ಕಿಸಿದೆ. ರೇಣುಕಾ ಹಳದಿ, ಗೋಡೆ ಹಳದಿ, ಕೌದಿ ಹಳದಿ.

ನಾನು ಬಚ್ಚಲಲ್ಲಿದ್ದ ಎರಡೇ ನಿಮಿಷದಲ್ಲಿ ಏನಾಯಿತೆಂದು ನನಗೆ ಮರುದಿನ ತಿಳಿಯಿತು. ಅವ್ವ ಬಂದಿದ್ದಾಳೆ, ಮನೆಗೆ ಹೊಸ ಸಾಮಾನು ಬಂದಿದೆ, ಬರಿ ಹಣೆಯಲ್ಲಿ ಕುಳಿತಿದೆ. ಒಂಟಿ ಕಣ್ಣಿನ ಆ ಉಂಡೆಗೆ ಹಣೆ ಯಾವುದು, ಕಣ್ಣು ಯಾವುದು ಎಂದು ತಿಳಿಯದೆ ಎರಡಕ್ಕೂ ಸೇರಿಸಿ ಹಚ್ಚಿದ್ದಾಳೆ. ನಾನು ಮಾತ್ರ ವಿಜ್ಞಾನಿಯಂತೆ ಯೋಚಿಸಿದೆ. ಎರಡು ಕ್ಯಾಮೆರಾಗಳಲ್ಲೂ ಒಂದೇ ಹಳದಿ, ಅಂದಮೇಲೆ ತಪ್ಪು ಕ್ಯಾಮೆರಾದ್ದಲ್ಲ, ಒಳಗಿನದು. ಈ ತರ್ಕದಲ್ಲಿ ಇಂದಿಗೂ ನನಗೆ ದೋಷ ಕಾಣುವುದಿಲ್ಲ. ಹೊಸ ಕ್ಯಾಮೆರಾವನ್ನು ಕಿತ್ತು ಡಬ್ಬಿಗೆ ಹಾಕಿ, ಸ್ಕ್ರೂಡ್ರೈವರ್ ತಂದು ಲ್ಯಾಪ್‌ಟಾಪನ್ನು ಬೋರಲು ಹಾಕಿ ಬೆನ್ನು ಬಿಚ್ಚಿದೆ. ಒಳಗೆ ಸ್ವಲ್ಪ ಧೂಳು, ಒಂದು ಸತ್ತ ಇರುವೆ. ಧೂಳು ಊದಿ, ವೈರುಗಳನ್ನು ಗಟ್ಟಿಯಾಗಿ ಒತ್ತಿ, ಮತ್ತೆ ಮುಚ್ಚಿದೆ. ಎರಡು ಸ್ಕ್ರೂ ಉಳಿದವು, ಅವನ್ನು ಜೇಬಿಗೆ ಹಾಕಿಕೊಂಡೆ.

ಅವ್ವ ಪರದೆಯ ಮೇಲೆ ಹಳದಿ ಸೊಸೆಯನ್ನು ನೋಡಿ ಕೈ ಮುಗಿದಳು. "ಲೇ ಮೈಲಾರಿ, ಎಷ್ಟು ಲಕ್ಷಣಾಗಿ ಕಾಣಾಕತ್ತಾಳ ನೋಡಲೇ, ಅರಿಷಿಣ ಬಳ್ಕೊಂಡ ಮೈಲಾರದ ಗೊರವಯ್ಯಗಳು ಮನಿಗೆ ಬಂದಂಗ ಆಗೇತಿ. ಯಾಕ ಬಡಿದಾಡತೀ?" ಎಂದಳು. ರೇಣುಕಾ ನಗಲಿಲ್ಲ. ಕೌದಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, "ಈ ವರ್ಷಾನೂ ಬಣ್ಣ ತಿಳಿಯಾಂಗಿಲ್ಲ ಅಂತಾರೇನೋ" ಎಂದಳು, ನನ್ನ ಕಡೆ ನೋಡದೆ. ಆ ಹೊತ್ತಿಗೂ ನನ್ನ ಬಾಯಿಂದ ಬಂದದ್ದು, "ಗ್ರಾಫಿಕ್ಸ್ ಚಿಪ್ಪಿನದ ಇದು, ನೂರಕ್ಕೆ ನೂರು" ಎಂಬ ಮಾತು.

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಕರೆ ಬಂತು. ಪರದೆಯ ಮೇಲೆ ಕನ್ನಡಕ ಹಾಕಿದ ಒಬ್ಬ ಮೇಡಂ. ಅವರು ಹಳದಿಯಾಗಿರಲಿಲ್ಲ, ನಾವು ಮಾತ್ರ ಮೂಲೆಯ ಚೌಕದಲ್ಲಿ ಹಳದಿಯಾಗಿ ಕೂತಿದ್ದೆವು. ಗ್ರಾಫಿಕ್ಸ್ ಚಿಪ್ಪು ಕೆಟ್ಟಿದ್ದರೆ ಮೇಡಮ್ಮರೂ ಹಳದಿಯಾಗಬೇಕಿತ್ತಲ್ಲ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ನಾನು ಹಿಂದೆ ನಿಂತು ಬೆವರುತ್ತಿದ್ದೆ. ರೇಣುಕಾ ಕೌದಿ ಬಿಡಿಸಿ ಹಿಡಿದಳು. ಮೇಡಂ ಮುಂದಕ್ಕೆ ಬಾಗಿ, "ಹೊಲಿಗೆ ತುಂಬಾ ಚೆನ್ನಾಗಿದೆ ರೇಣುಕಾ ಅವರೇ, ಆದರೆ ಬಣ್ಣ ಒಂದೂ ತಿಳೀತಿಲ್ಲ. ಎಲ್ಲಾ ಹಳದಿ ಬಟ್ಟೆನೇ ಹಾಕಿದ್ದೀರಾ?" ಎಂದರು.

"ಇಲ್ರಿ ಮೇಡಮ್ಮರ, ಕೆಂಪೈತ್ರಿ, ಹಸಿರೈತ್ರಿ..."

"ಕಾಣ್ತಿಲ್ಲ ಅಲ್ವಾ. ಬಣ್ಣ ನೋಡದೆ ನಾವು ಹೇಗೆ ಹೇಳೋದು?" ಅವರು ಗಡಿಯಾರ ನೋಡಿದರು. ಆರು ನಿಮಿಷ ಉಳಿದಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಮೇಡಂ, ಇದು ವೈಟ್ ಬ್ಯಾಲೆನ್ಸಿನ..." ಎಂದು ಶುರು ಮಾಡಿದೆ.

ರೇಣುಕಾ ನನ್ನತ್ತ ತಿರುಗಲೂ ಇಲ್ಲ. "ನೀವು ಸುಮ್ಕಿರ್ರಿ ಒಂದೀಟು" ಎಂದು ಕೌದಿಯನ್ನು ತೊಡೆಯ ಮೇಲಿಟ್ಟು ಕೈ ಚಾಚಿದಳು. ಬಾಗಿಲಲ್ಲಿ ನಿಂತಿದ್ದ ಅವ್ವ "ಏ ರೇಣವ್ವಾ, ಭಂಡಾರ!" ಎಂದು ಉಸಿರು ಎಳೆದುಕೊಂಡಳು. ಸೊಸೆ ಎಂದರೆ ಸೊಸೆ. ಹೆಬ್ಬೆರಳಿನಿಂದ ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲಿನ ಭಂಡಾರವನ್ನು ಮೆಲ್ಲಗೆ ತೆಗೆದು, ಕಣ್ಣಿಗೊತ್ತಿಕೊಂಡು, ತನ್ನ ಹಣೆಗೇ ಹಚ್ಚಿಕೊಂಡಳು. ಉಳಿದದ್ದನ್ನು ಸೆರಗಿನ ತುದಿಯಿಂದ ಒರೆಸಿದಳು. ದೇವರಿಗೂ ಮರ್ಯಾದೆ, ಅತ್ತೆಗೂ ಮರ್ಯಾದೆ. ಅವ್ವ ಉಸಿರು ಬಿಟ್ಟು, "ಹಂಗಾದ್ರ ಅಡ್ಡಿಯಿಲ್ಲ ಬಿಡು" ಎಂದಳು.

ಮೂಲೆಯ ಚೌಕದಲ್ಲಿ ಮೊದಲು ಕಂಡದ್ದು ನನ್ನ ಮದುವೆಯ ಅಂಗಿಯ ನೀಲಿ. ಆಮೇಲೆ ಮಾವನ ರುಮಾಲಿನ ಕೆಂಪು, ಅಜ್ಜಿಯ ಸೀರೆಯ ಹಸಿರು. ಇಷ್ಟು ದಿನ ಕಾಲಿಗೆ ತೊಡರುತ್ತದೆ ಎಂದು ಬೈದುಕೊಂಡಿದ್ದ ಆ ಕೌದಿ ಎಷ್ಟು ಚೆಂದವಿತ್ತೆಂದು ನಾನು ಸರಿಯಾಗಿ ನೋಡಿದ್ದು ಅವತ್ತೇ. ಮೇಡಂ "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಪಕ್ಕದಲ್ಲಿ ಯಾರನ್ನೋ ಕರೆದರು. ಇನ್ನಿಬ್ಬರು ಬಂದು ಬಗ್ಗಿ ನೋಡಿದರು. ಹತ್ತು ನಿಮಿಷದ ಕರೆ ಇಪ್ಪತ್ತೈದು ನಿಮಿಷ ನಡೆಯಿತು. ಕೊನೆಯಲ್ಲಿ ಮಳಿಗೆ ಖಾತ್ರಿ ಎಂದರು, ಹತ್ತು ಹೆಂಗಸರಿಗೆ ಹೊಲಿಗೆ ಕಲಿಸಲು ಬರುತ್ತೀರಾ ಎಂದೂ ಕೇಳಿದರು. ರೇಣುಕಾ "ಬರತೀನ್ರಿ" ಎಂದು ಕೌದಿಯನ್ನು ಎದೆಗೆ ಅವುಚಿಕೊಂಡಳು. ನನಗೆ ಕಣ್ಣು ಮಂಜಾಯಿತು, ಅದಕ್ಕೆ ಭಂಡಾರ ಕಾರಣವಲ್ಲ. ಅವ್ವ ಒಳಗಿಂದ ಬೆಲ್ಲ ತಂದು ಮೊದಲು ಸೊಸೆಯ ಬಾಯಿಗೆ, ಆಮೇಲೆ ನನ್ನ ಬಾಯಿಗೆ ಹಾಕಿ, ನನ್ನ ಬಾಯಿ ಸ್ವಲ್ಪ ಹೊತ್ತು ಮುಚ್ಚಿರುವಂತೆ ನೋಡಿಕೊಂಡಳು.

ಕರೆ ಮುಗಿಸುವ ಮುಂಚೆ ಮೇಡಂ, "ಹಿಂದೆ ನಿಂತಿದ್ದಾರಲ್ಲ, ಅವರು ಯಾರು?" ಎಂದು ಕೇಳಿದ್ದರು. "ನಮ್ಮ ಮನಿಯವರ‍್ರಿ. ಕಂಪ್ಯೂಟರಿನಾಗ ಇವರಿಗೆ ಗೊತ್ತಿಲ್ಲದ್ದು ಇಲ್ರಿ" ಎಂದಳು ರೇಣುಕಾ. ಹೇಳುವಾಗ ಅವಳ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. ನಾನು ಜೇಬಿನೊಳಗಿನ ಎರಡು ಸ್ಕ್ರೂಗಳನ್ನು ಹಿಡಿದುಕೊಂಡು ಮೇಡಮ್ಮರಿಗೆ ನಮಸ್ಕಾರ ಮಾಡಿದೆ.

ಸೋಮವಾರ ಕಚೇರಿಗೆ ಹೋಗುವಷ್ಟರಲ್ಲಿ ನಾನು ಮತ್ತೆ ಚೇತರಿಸಿಕೊಂಡಿದ್ದೆ. ಹೆಂಡತಿ ಗೆದ್ದ ಕಥೆಯನ್ನು ಎಲ್ಲರಿಗೂ ಹೇಳಿದೆ, ಹಳದಿಯ ಭಾಗವನ್ನು ಬಿಟ್ಟು. ಲ್ಯಾಪ್‌ಟಾಪಿನ ಜೊತೆ ಬರುವ ಕ್ಯಾಮೆರಾನೇ ಸಾಕು, ಬೇರೆ ಕೊಳ್ಳುವುದು ದಂಡ, ನಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆ ಎಂದೂ ಸೇರಿಸಿದೆ. ಆಗ ಕೊಟ್ರೇಶ ತನ್ನ ನೀಲಿ ಲ್ಯಾಪ್‌ಟಾಪನ್ನು ಹೊತ್ತು ತಂದು, "ಮೈಲಾರಪ್ಪಣ್ಣ, ಕಡಿಗೂ ನಿಮ್ಮ ಮಾತು ಖರೆ ಆತು ನೋಡ್ರಿ. ಮೌಸು ಎತ್ತ ಎಳದ್ರೂ ಬಾಣ ಕುಂತಲ್ಲೇ ಕುಂತೈತಿ" ಎಂದು ಮುಂದಿಟ್ಟ. ಆರು ವರ್ಷ ಕಾದಿದ್ದ ಗಳಿಗೆ. ಬಾಯಿ ತುಂಬ ಅಭಿಪ್ರಾಯ ತುಂಬಿಕೊಂಡು ನಾನು ಎದ್ದು ನಿಂತೆ, ಆದರೆ ಯಾಕೋ, "ಮೌಸು ಬೋರಲು ಹಾಕಿ ಒಮ್ಮಿ ಒರಸಿ ನೋಡೋ" ಎಂದುಬಿಟ್ಟೆ. ಕರವಸ್ತ್ರದಿಂದ ಒರೆಸಿದ. ಬಾಣ ಓಡಾಡಿತು. ಕಚೇರಿಯವರೆಲ್ಲ ಚಪ್ಪಾಳೆ ತಟ್ಟಿದರು, ಕೊಟ್ರೇಶ ಕೈ ಮುಗಿದ, ನಾನು ಗಂಭೀರವಾಗಿ ತಲೆಯಾಡಿಸಿದೆ. ಇಪ್ಪತ್ತು ವರ್ಷದಲ್ಲಿ ನಾನು ಹೇಳಿದ ಮಾತೊಂದು ಹೇಳಿದಂತೆಯೇ ಫಲಿಸಿದ್ದು ಅದೇ ಮೊದಲು. ಆ ಮಾತು ಹೆಂಡತಿಯದೆಂದು ಹೇಳಬೇಕೆಂದಿದ್ದೆ, ಚಪ್ಪಾಳೆ ನಿಂತ ಮೇಲೆ.