ಯಜಮಾನರು ಕಣ್ಣು ಬಿಟ್ಟ ದಿನ

ಬೆಳಿಗ್ಗೆ ಏಳೂವರೆಗೆ ಬಂದ ಫೋನು ತೀರ ಸಣ್ಣದು. ಧಾರಾವಾಹಿಯ ಸೆಟ್ಟಿನ ಸಾಮಾನು ನೋಡಿಕೊಳ್ಳುವವನು ಕೇಳಿದ್ದು ಇಷ್ಟೇ: "ಸಾರ್, ನೀವು ನಗ್ತಾ ಇರೋ ಫೋಟೋ ಒಂದಿದ್ರೆ ಕಳಿಸಿ. ಗೋಡೆಗೆ ಹಾಕೋ ಸೈಜಿಗೆ ದೊಡ್ಡದು ಮಾಡಿಸ್ಬೇಕು."

ಯಜಮಾನರ ಬ್ರಷ್ಷು ಬಾಯಲ್ಲೇ ನಿಂತಿತು. ಇಪ್ಪತ್ತೆರಡು ವರ್ಷ ಟೀವಿಯಲ್ಲಿ ಬೆಂದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬದುಕಿರುವವರ ಫೋಟೋವನ್ನು ಯಾವ ಧಾರಾವಾಹಿಯೂ ಗೋಡೆಗೆ ಹಾಕಿದ್ದಿಲ್ಲ.

ಅವರು ಎಂಥೆಂಥ ಪಾತ್ರ ಮಾಡಿರಲಿಲ್ಲ! ಮೂರು ಸಲ ನ್ಯಾಯಾಧೀಶ, ಐದು ಸಲ ಪೋಸ್ಟ್‌ಮ್ಯಾನ್, ಲೆಕ್ಕವಿಲ್ಲದಷ್ಟು ಸಲ ಮದುವೆ ಮುರಿಯುವ ಮಾವ. ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ಶನಿವಾರ ಸಂಜೆ ಮಾತ್ರ ಅವರು ರಾಜ. ಒಂದು ಪುಟ್ಟ ಸಭಾಂಗಣದಲ್ಲಿ ಜನ ಕೂಗಿದ ಪದ ಹಿಡಿದು, ಬರೆದಿಟ್ಟ ಮಾತು ಒಂದೂ ಇಲ್ಲದೆ ಅಲ್ಲೇ ನಾಟಕ ಹುಟ್ಟಿಸಿ ನಗಿಸುತ್ತಿದ್ದರು. ಆ ಆಟಕ್ಕೆ ಇದ್ದದ್ದು ಒಂದೇ ನಿಯಮ: ಎದುರಿನವರು ಏನೇ ಅನ್ನಲಿ, ಒಪ್ಪಿಕೊಳ್ಳಬೇಕು, ಮೇಲೊಂದಿಷ್ಟು ಸೇರಿಸಬೇಕು.

ಅಂಥ ಬಾಯಿಗೆ ಸಿಕ್ಕ ಪಾತ್ರವಾದರೂ ಎಂಥದ್ದು? ಮೆಟ್ಟಿಲಿಂದ ಯಾರೋ ತಳ್ಳಿ ಕೋಮಾಕ್ಕೆ ಹೋದ, ದೊಡ್ಡ ಮನೆತನದ ಯಜಮಾನ. ಏಳು ತಿಂಗಳಿಂದ ಕಣ್ಣು ಮುಚ್ಚಿ ಮಲಗಿದ್ದಾರೆ. ಇಡೀ ಅಪಾರ್ಟ್‌ಮೆಂಟು ಅವರನ್ನು ಯಜಮಾನರೆಂದೇ ಕರೆಯತೊಡಗಿತ್ತು. ಕೆಲಸವೆಂದರೆ ಕೆಲಸ. ಅದೂ ಇವತ್ತಿಗೆ ಮುಗಿಯಿತು.

"ಇವತ್ತು ನನ್ನನ್ನ ಸಾಯಿಸ್ತಾರೆ ಕಣೆ," ಎಂದರು ಹೆಂಡತಿಗೆ.

ಲೈಬ್ರರಿಯ ಕೆಲಸಕ್ಕೆ ಹೊರಟಿದ್ದ ಆಕೆ ಚಪ್ಪಲಿ ಹುಡುಕುತ್ತ, "ಬೇಗ ಸತ್ತು ಬೇಗ ಬನ್ನಿ. ಸಂಜೆ ಗ್ಯಾಸಿನವನು ಬರ್ತಾನೆ, ಮನೇಲಿ ಯಾರಾದ್ರೂ ಇರ್ಬೇಕು," ಎಂದಳು.

ಹೋಗುವ ದಾರಿಯಲ್ಲಿ ಆಕೆ ಎದುರು ಮನೆಯ ನಿವೃತ್ತ ನರ್ಸಮ್ಮನಿಗೆ ಒಂದು ಮಾತು ಹೇಳಿದಳು. ನರ್ಸಮ್ಮನಿಗೆ ಹೇಳುವುದೂ ಒಂದೇ, ಮೈಕಿನಲ್ಲಿ ಹೇಳುವುದೂ ಒಂದೇ. ಯಜಮಾನರು ಲಿಫ್ಟಿಗೆ ಬರುವಷ್ಟರಲ್ಲಿ ಅಲ್ಲಿ ಆರು ಜನ ತಲೆ ತಗ್ಗಿಸಿ ನಿಂತಿದ್ದರು.

"ಇವತ್ತು ಹೋಗ್ತಿದೀರಂತೆ?" ಎಂದರು ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ, ಕೈ ಹಿಡಿದುಕೊಂಡು. "ಒಳ್ಳೆ ಮನುಷ್ಯರಿಗೇ ಹೀಗಾಗೋದು. ಎಷ್ಟು ಗಂಟೆಗೆ ತೋರಿಸ್ತಾರೆ?"

"ಸಾಯೋದ್ಯಾಕೆ, ಎದ್ದುಬಿಡಿ!" ನರ್ಸಮ್ಮ ಗದರಿದರು. "ಮೂವತ್ತಾರು ವರ್ಷ ವಾರ್ಡಲ್ಲಿದ್ದೆ. ಸಾಯ್ತಾರೆ ಅಂದೋರು ಎಷ್ಟೋ ಜನ ಎದ್ದು ಚಹಾ ಕೇಳಿದಾರೆ. ಆದ್ರೆ ಮೊದ್ಲು ಕಿರುಬೆರಳು ಅಲ್ಲಾಡ್ಬೇಕು, ಆಮೇಲೆ ರೆಪ್ಪೆ. ದೆವ್ವದ ಥರ ದಿಢೀರಂತ ಏಳ್ಬೇಡಿ."

ಯಜಮಾನರು ನಕ್ಕು ಬಸ್ಸು ಹತ್ತಿದರು. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ದಾರಿಯುದ್ದಕ್ಕೂ ಕಾಡಿತು. ಎದ್ದುಬಿಟ್ಟರೆ?

ಸೆಟ್ಟಿನಲ್ಲಿ ಆಸ್ಪತ್ರೆ ಕೋಣೆ ಸಿದ್ಧವಾಗಿತ್ತು. ಹೃದಯದ ಬಡಿತ ತೋರಿಸುವ ಯಂತ್ರದ ಒಳಗೆ ಒಂದು ಬಲ್ಬು, ಮಂಚದ ಕೆಳಗೆ ಕೂತು ಬಾಯಲ್ಲಿ 'ಟೀ... ಟೀ...' ಎನ್ನುವ ಸಹಾಯಕ. ನಿರ್ದೇಶಕ ಬಂದು ತೋಳು ತಟ್ಟಿದ.

"ಬೇಜಾರು ಮಾಡ್ಕೋಬೇಡಿ ಸಾರ್. ನಾನು ಕೈ ಎತ್ತಿದ ತಕ್ಷಣ ಉಸಿರು ಬಿಗಿ ಹಿಡೀರಿ. ಉಳಿದಿದ್ದು ಅಮ್ಮಾವ್ರು ಅತ್ತು ನೋಡ್ಕೋತಾರೆ."

ಅಮ್ಮಾವ್ರೆಂದರೆ ಧಾರಾವಾಹಿಯಲ್ಲಿ ಯಜಮಾನರ ಹೆಂಡತಿಯಾದ ಹಿರಿಯ ನಟಿ. ಅಳುವುದರಲ್ಲಿ ಆಕೆಗೆ ಸಾಟಿಯಿಲ್ಲ. ನಲ್ಲಿ ತಿರುಗಿಸಿದಂತೆ ಬೇಕಾದ ಕಣ್ಣಲ್ಲಿ ಬೇಕಾದಷ್ಟು ನೀರು.

"ಆಕ್ಷನ್!"

ಕೈ ಮೇಲೆದ್ದಿತು. ಮಂಚದ ಕೆಳಗಿನ ಸಹಾಯಕ ಉದ್ದಕ್ಕೆ 'ಟೀಈಈ' ಎಂದ. ಅಮ್ಮಾವ್ರು ಎದೆಯ ಮೇಲೆ ಬಿದ್ದು, "ನನ್ನನ್ನು ಒಂಟಿ ಮಾಡಿ ಹೋಗಬೇಡಿ! ದಯವಿಟ್ಟು ಹೋಗಬೇಡಿ!" ಎಂದು ಗೋಳಾಡಿದರು.

ಎದುರಿನವರು ಒಂದು ಮಾತು ಅಂದಾಗಿತ್ತು. ಶನಿವಾರದ ನಿಯಮಕ್ಕೆ ಒಗ್ಗಿದ ಯಜಮಾನರು ಇನ್ನೇನು ಮಾಡಿಯಾರು?

"ಆಯ್ತು ಕಣೆ, ಹೋಗಲ್ಲ," ಎಂದು ಎದ್ದು ಕೂತರು.

ಅಮ್ಮಾವ್ರ ಕಿರುಚಾಟದಲ್ಲಿ ನಟನೆ ಒಂದಿಷ್ಟೂ ಇರಲಿಲ್ಲ. ಡಾಕ್ಟರ್ ಪಾತ್ರದವನು ಪಾಪ, ಬೆಳಿಗ್ಗೆಯಿಂದ ಒಂದೇ ಸಾಲು ಉರು ಹೊಡೆದವನು, ಕೂತವರ ಮುಖ ನೋಡಿಕೊಂಡೇ ಅದನ್ನು ಒಪ್ಪಿಸಿಬಿಟ್ಟ: "ಕ್ಷಮಿಸಿ, ಪರಿಸ್ಥಿತಿ ನಮ್ಮ ಕೈ ಮೀರಿ ಹೋಗಿದೆ."

"ಹೌದು ಡಾಕ್ಟ್ರೇ, ಪೂರ್ತಿ ಮೀರಿದೆ. ಏಳು ತಿಂಗಳು ಮಲಗಿದ್ದೆ, ಕಿವಿ ಮಾತ್ರ ತೆರೆದೇ ಇತ್ತು. ಈ ಕೋಣೇಲಿ ಯಾರ್ಯಾರು ಏನೇನು ಪಿಸುಗುಟ್ಟಿದ್ರೋ, ಎಲ್ಲಾ ಕೇಳಿಸ್ಕೊಂಡಿದೀನಿ." ಮಗ, ಸೊಸೆ, ತಮ್ಮ, ಒಬ್ಬೊಬ್ಬರನ್ನೂ ನಿಧಾನವಾಗಿ ನೋಡಿದರು. "ನನ್ನನ್ನ ಮೆಟ್ಟಿಲಿಂದ ತಳ್ಳಿದ್ದು ಯಾರು ಅಂತ ನನಗೆ ಗೊತ್ತು. ಹೇಳ್ತೀನಿ. ಇವತ್ತಲ್ಲ."

ಸೊಸೆ ಪಾತ್ರದ ಹುಡುಗಿ ನಿಜವಾಗಿಯೇ ಬೆವತಳು. ತಮ್ಮನ ಕೈಯಿಂದ ಹಣ್ಣಿನ ತಟ್ಟೆ ಬಿತ್ತು. ಮಂಚದ ಕೆಳಗಿನಿಂದ ಅನುಮಾನದ ಒಂದು 'ಟೀ...?' ಕೇಳಿಸಿತು.

ನಾಲ್ಕು ನಿಮಿಷದ ಮೇಲೆ ನಿರ್ದೇಶಕನಿಗೆ ಬಾಯಿ ಬಂತು. "ಕಟ್! ಏನ್ರೀ ಇದು? ಸತ್ತೋರು ಸತ್ತ ಹಾಗೆ ಇರೋಕಾಗಲ್ವಾ? ತಲೆ ಕೆಟ್ಟಿದೆಯಾ?"

ಯಜಮಾನರು ತಲೆ ತಗ್ಗಿಸಿದರು. ಸತ್ತಿದ್ದರೆ ಈ ಪಾತ್ರವಾದರೂ ಮರ್ಯಾದೆಯಿಂದ ಮುಗಿಯುತ್ತಿತ್ತು. ಈಗ ಮುಂದಿನ ಪಾತ್ರಗಳಿಗೂ ಯಾರೂ ಕರೆಯಲಾರರು ಎನ್ನಿಸಿತು. ಅಷ್ಟರಲ್ಲಿ ಸಂಭಾಷಣೆ ಬರೆಯುವವನು ಮೂಲೆಯಿಂದ ಓಡಿ ಬಂದು ಅವರ ಎರಡೂ ಕೈ ಹಿಡಿದ. ಅವನ ಕಣ್ಣಲ್ಲಿ ನೀರು.

"ತಳ್ಳಿದ್ದು ಯಾರು ಅಂತ ನನಗೇ ಗೊತ್ತಿರಲಿಲ್ಲ ಸಾರ್! ಏಳು ತಿಂಗಳಿಂದ ನಿದ್ದೆ ಇಲ್ಲ. 'ಹೇಳ್ತೀನಿ, ಇವತ್ತಲ್ಲ!' ಇದನ್ನೇ ಇಟ್ಕೊಂಡು ಒಂದು ವರ್ಷ ಎಳೀತೀನಿ ನಾನು!"

ದೃಶ್ಯವನ್ನು ಹಾಗೇ ಚಾನೆಲ್ಲಿಗೆ ಕಳಿಸಿದರು. ಊಟ ಮುಗಿಯುವುದರೊಳಗೆ ಅಲ್ಲಿಂದ ಫೋನು ಬಂತು: ಯಜಮಾನ ಸಾಯಬಾರದು; ಕತೆ ಇನ್ನು ಅವನದೇ; ಮುನ್ನೂರು ಕಂತು.

ಸೆಟ್ಟಿಗೆ ಸೆಟ್ಟೇ ಚಪ್ಪಾಳೆ ತಟ್ಟಿತು. ಯಜಮಾನರು ಹೆಂಡತಿಗೆ ಫೋನು ಮಾಡಿದರು. ಆಕೆ ಲೈಬ್ರರಿಯ 'ಮೌನವಾಗಿರಿ' ಫಲಕದ ಕೆಳಗೇ ನಿಂತು ಖುಷಿಗೆ ಕೂಗಿ, ನರ್ಸಮ್ಮನಿಗೂ ಫೋನಿನಲ್ಲೇ ತಿಳಿಸಿದಳು. ನರ್ಸಮ್ಮ ನೇರವಾಗಿ ಯಜಮಾನರಿಗೇ ಕರೆ ಮಾಡಿ, "ಕಿರುಬೆರಳು ಅಲ್ಲಾಡಿಸಿದ್ರಾ?" ಎಂದು ವಿಚಾರಿಸಿಕೊಂಡರು.

ನಾಲ್ಕು ಗಂಟೆಗೆ ನಿರ್ದೇಶಕ ಪಕ್ಕದಲ್ಲಿ ಬಂದು ಕೂತ. ಧ್ವನಿಯಲ್ಲಿ ಬೆಣ್ಣೆ.

"ಸಾರ್, ಚಾನೆಲ್ಲಿನವರು ಮತ್ತೆ ಮಾತಾಡಿದ್ರು. ನೀವು ಪಾತ್ರಾನ ಎಲ್ಲಿಗೋ ಎತ್ಕೊಂಡು ಹೋಗ್ಬಿಟ್ರಿ. ಅದೇ ಈಗ ತೊಂದರೆ."

"ಏನು ತೊಂದರೆ?"

"ಇಷ್ಟು ದೊಡ್ಡ ಪಾತ್ರಕ್ಕೆ ದೊಡ್ಡ ಮುಖ ಬೇಕಂತೆ. ಸಿನಿಮಾ ಹೀರೋ ಒಬ್ಬರನ್ನೇ ಒಪ್ಪಿಸಿದಾರೆ. ಆದ್ರೆ ಅವರು ಬರೋದು ಗುರುವಾರ. ಅಲ್ಲೀವರೆಗೆ ನೀವೇ. ಸಂಜೆ ಆಸ್ಪತ್ರೆಗೆ ಬೆಂಕಿ ಬೀಳತ್ತೆ, ನಿಮ್ಮ ಮುಖ ಸುಡತ್ತೆ. ಗುರುವಾರ ಬ್ಯಾಂಡೇಜ್ ಬಿಚ್ಚಿದ್ರೆ, ಒಳಗೆ ಅವರು."

"ಅಲ್ಲೀವರೆಗೆ ನನ್ನ ಮಾತು?"

"ಬ್ಯಾಂಡೇಜು ಬಾಯೀನೂ ಸೇರಿಸೇ ಸುತ್ತೋದು ಸಾರ್. ಇನ್ನೊಂದು ಸಣ್ಣ ಸಹಾಯ. ಹಾಸಿಗೆಯಿಂದ ಹೇಗೆ ಎದ್ರಿ ಅಂತ ಅವರಿಗೆ ಸ್ವಲ್ಪ ಹೇಳಿಕೊಟ್ಬಿಡಿ."

ಯಜಮಾನರು ಬಾಯಿ ತೆರೆಯುವುದರೊಳಗೆ ಮೇಕಪ್ಪಿನವನು ಬಟ್ಟೆಯ ಉಂಡೆ ಹಿಡಿದು ಬಂದ. ಗಲ್ಲದಿಂದ ನೆತ್ತಿಗೆ, ನೆತ್ತಿಯಿಂದ ಗಲ್ಲಕ್ಕೆ, ಮೂಗಿಗೆರಡು ತೂತು ಬಿಟ್ಟು ಬಿಗಿಯಾಗಿ ಸುತ್ತಿ, ಕೊನೆಯಲ್ಲಿ ಒಂದು ಪಿನ್ನು ಚುಚ್ಚಿದ.

ಆಗಲೇ ಫೋನು ಬಡಿದುಕೊಂಡಿತು. ಹೆಂಡತಿ. ಹಿಂದೆ ಇಡೀ ಅಪಾರ್ಟ್‌ಮೆಂಟಿನ ಗದ್ದಲ.

"ರೀ, ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ, ಎಲ್ಲಾ ಕೆಳಗೆ ಸೇರಿದಾರೆ! ಕಾರ್ಯದರ್ಶಿಗಳು ನಿಮಗೆ ಸನ್ಮಾನ ಇಟ್ಕೊಂಡಿದಾರೆ. ಮುನ್ನೂರು ಕಂತಿನ ಯಜಮಾನ್ರು ಎರಡು ಮಾತಾಡ್ಬೇಕಂತೆ!"

"ಮ್ಮ್... ಮ್ಮ್‌ಮ್ಮ್! ಮ್ಮ್‌ಮ್ಮ್ಮ್!"

ಫೋನಿನಾಚೆ ಆಕೆಯ ಧ್ವನಿ ತುಂಬಿ ಬಂತು. ಸುತ್ತ ನಿಂತವರಿಗೆ ಹೇಳಿದ್ದು ಯಜಮಾನರಿಗೆ ಸ್ಪಷ್ಟವಾಗಿ ಕೇಳಿಸಿತು:

"ಪಾಪ, ಸಂತೋಷಕ್ಕೆ ಮಾತೇ ಹೊರಡ್ತಿಲ್ಲ ಕಣ್ರೀ."