ಮಾತಾಡಿಸಿದವರನ್ನು ಮತ್ತೆ ಮಾತಾಡಿಸದ ಯಂತ್ರ

"ಇನ್ನ ಮ್ಯಾಲೆ ನಾ ಒದರೂದು ಬ್ಯಾಡ, ನೀ ನನ್ನ ಗಂಟಲಿಗೆ ಉಪ್ಪುನೀರು ಕಾಸೂದು ಬ್ಯಾಡ!" ಎನ್ನುತ್ತ ನಮ್ಮ ಮನೆಯವರು ಟ್ರಂಕಿನ ಗಾತ್ರದ ಪೆಟ್ಟಿಗೆಯೊಂದರ ಮೇಲಿಂದ ನನ್ನ ಇಳಕಲ್ ಸೀರೆಯನ್ನು ಸರ್ರನೆ ಎಳೆದರು. ಸೀರೆ ಹಳೆಯದೆಂದು ಅವರೇ ತೀರ್ಮಾನಿಸಿದ್ದರು.

ಇವರದು ಹ್ಯಾಮ್ ರೇಡಿಯೊದ ಹುಚ್ಚು. ಮುಖ ನೋಡದವರ ಜೊತೆ ಆಕಾಶಮಾರ್ಗವಾಗಿ ಮಾತಾಡುವುದು, ಆಮೇಲೆ ಮಾತಾಡಿದ್ದು ನಿಜವೆಂದು ಪರಸ್ಪರ ಕಾರ್ಡು ಕಳಿಸುವುದು. ಗದಗಿನ ನಮ್ಮ ಪಡಸಾಲೆಯ ಗೋಡೆಗೆ ಯಾವ ಬಣ್ಣವಿತ್ತೆಂದು ನನಗೇ ಮರೆತಿದೆ; ಕಾಣುವುದೆಲ್ಲ ಕಾರ್ಡು. ಇನ್ನು ಸ್ಪರ್ಧೆ ಬಂತೆಂದರೆ ಎರಡು ದಿನ ಊಟ ನಿದ್ದೆ ಇಲ್ಲ. ಹೆಚ್ಚು ಜನರನ್ನು ಮಾತಾಡಿಸಿದವನೇ ಗೆದ್ದವನು, ಹಾಗಾಗಿ ಯಾರೂ ಮಾತಾಡುವುದಿಲ್ಲ! ಹೆಸರು, ದನಿ ಎಷ್ಟು ಸ್ಪಷ್ಟವೆಂಬುದಕ್ಕೆ ಅಂಕ, ಧನ್ಯವಾದ, ಮುಂದಿನವರು. ಪೂರ್ಣ ಅಂಕವೆಂದರೆ ಐದು-ಒಂಬತ್ತು. ಎಲ್ಲರೂ ಎಲ್ಲರಿಗೂ ಅದನ್ನೇ ಕೊಡುತ್ತಾರೆ. "ಐದು-ಒಂಬತ್ತು! ಏನೂ ಕೇಳಸವಲ್ದು, ಹೆಸರೇನಂದ್ರಿ?" ಮದುವೆಯಲ್ಲಿ ಉಂಡು ಕೈ ತೊಳೆಯುವವರು ಅಡುಗೆ ಹೊಗಳಿದ ಹಾಗೆ. ಒಮ್ಮೆ ಮಾತಾಡಿಸಿದವರನ್ನು ಮತ್ತೆ ಮಾತಾಡಿಸಿದರೆ ಮಾತ್ರ ಸ್ಪರ್ಧೆಯ ಲೆಕ್ಕದಲ್ಲಿ ಅಂಕವಿಲ್ಲ.

ಈ ಸಲ ಇವರ ಜೀವವೆಲ್ಲ ಸೋರೆಲ್ ದ್ವೀಪದ ಮೇಲಿತ್ತು. ದಕ್ಷಿಣ ಸಮುದ್ರದಲ್ಲಿ, ಪೆಂಗ್ವಿನ್‌ಗಳಿಗೂ ಬೇಸರ ಬರುವಂಥ ಬಂಡೆ. ಅಲ್ಲಿಗೆ ಒಬ್ಬ ಪುಣ್ಯಾತ್ಮ ರೇಡಿಯೊ ಹೊತ್ತುಕೊಂಡು ಹೋಗಿದ್ದ. ಸ್ಪರ್ಧೆ ಮುಗಿಯುತ್ತಲೇ ಹಡಗು ಹತ್ತುವವನು, ಮತ್ತೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ಆ ಕಾರ್ಡಿಗಾಗಿ ಇವರು ನಮ್ಮ ಮದುವೆಗಿಂತ ಮೊದಲಿನಿಂದ ಕಾದಿದ್ದರು.

"ನನ್ನ ದನಿಯಾಗ ಇದs ಕರೀತೈತಿ, ಇದs ಉತ್ತರ ಕೊಡ್ತೈತಿ, ಕಾರ್ಡೂ ಇದs ಛಾಪಸ್ತೈತಿ! ಹೊಸ ದನಿ ಬಂತಂದ್ರ ಹೆಸರು ಹೇಳೂತನಕ ಸುಮ್ಮನ ಮೈಕು ಬಿಟ್ಟುಕೊಡ್ತೈತಿ. ನೋಡು, ಈಗ ನಾನs ಸೋರೆಲ್ ಅಂತ ತಿಳಿ."

ಮೂಗು ಹಿಡಿದುಕೊಂಡು, "ಹಲೋ, ಸೋರೆಲ್ ದ್ವೀಪ!" ಎಂದರು.

"ಐದು-ಒಂಬತ್ತು! ಥ್ಯಾಂಕ್ಯೂ! ಮುಂದಿನವರು?" ಎಂದಿತು ಯಂತ್ರ, ಇವರದೇ ದನಿಯಲ್ಲಿ. ಕಾರ್ಡು ಹೊರಬಂತು. ಇವರ ಕಣ್ಣು ಒದ್ದೆಯಾದವು.

ನಾನು ಸೀರೆ ಮಡಚಿಕೊಂಡು ಒಳಗೆ ಹೋದೆ. ಯಂತ್ರಗಳ ಎದುರು ಅಭಿಪ್ರಾಯ ಹೇಳುವ ಚಪಲವನ್ನು ಬಿಟ್ಟು ಬಹಳ ಕಾಲವಾಗಿದೆ.

ಸ್ಪರ್ಧೆಯ ಬೆಳಿಗ್ಗೆ ಯಂತ್ರ ಜಪಾನು, ಚಿಲಿ ಎಂದು ಬಡಬಡಿಸುತ್ತಿತ್ತು, ಇವರು ಅತ್ತ ತಿರುಗಿ ಕಾರ್ಡು ಎಣಿಸುತ್ತಿದ್ದರು. ಆಗ ನಮ್ಮತ್ತೆ ನೀಲಗಂಗವ್ವ ಒಳಗೆ ಬಂದರು.

"ಶಂಕ್ರ್ಯಾ, ಚಾ ಆರಾಕತ್ತೈತಿ. ನಾ ನಿಮ್ಮವ್ವ ಅದೇನಿ, ಕೇಳಸ್ತೇನು?"

"ಐದು-ಒಂಬತ್ತು! ಥ್ಯಾಂಕ್ಯೂ! ಮುಂದಿನವರು?"

ಅತ್ತೆಗೆ ಆನಂದವೋ ಆನಂದ! "ಕೇಳಿದೇನು ಇಂದೂ? ಮಗ ಉತ್ತರ ಕೊಟ್ಟ!" ಕಾರ್ಡನ್ನು ದೇವರ ಜಗಲಿಯ ಮೇಲೆ ಇಟ್ಟು, ಉತ್ಸಾಹದಿಂದ ಮೊಣಕಾಲು ನೋವು ಹೇಳಿಕೊಳ್ಳಲು ಮರಳಿ ಹೋದರು.

"ನಿಮ್ಮನ್ನ ಆಗಲೇ ಮಾತಾಡಿಸೇನಿ. ಅಂಕ ಇಲ್ಲ. ಮುಂದಿನವರು?"

"ಹಡದ ತಾಯಿಗೆ ಅಂಕ ಇಲ್ಲಂತ!" ಅತ್ತೆ ಸೆರಗು ಬಾಯಿಗಿಟ್ಟು, ಊಟ ಒಲ್ಲೆನೆಂದು ಗೋಡೆಗೆ ಮುಖ ಮಾಡಿ ಮಲಗಿದರು.

ಕಿಟಕಿಯ ಕೆಳಗೆ ಕಾಯಿಪಲ್ಯೆ ಮಾರುವ ಹುಸೇನಬಿ, "ಹುಸೇನಬಿ ಬಂದಾಳ್ರೀ! ಮೆಂತೇ, ಪುಂಡಿಪಲ್ಯೆ!" ಎಂದು ಕೂಗಿದಳು. ಐದು-ಒಂಬತ್ತು ಸಿಕ್ಕಿತು. ಓಣಿಯ ಕೊನೆ ಮುಟ್ಟಿ ಮರಳುವಾಗ ಮತ್ತೆ ಕೂಗಿದಳು. ಯಂತ್ರ ತನ್ನ ಮಾತು ಹೇಳಿತು.

"ಏ ಸಾಹೇಬಾ! ಬರೇ ಮಾತಾಡಿಸಿ ಕಳಸಾಕ ನಾ ಏನ್ ನಿನ್ನ ಬೀಗತೀನೇನು? ಒಂದು ಸಿವುಡಾದ್ರೂ ತಗೊಂಡಿಯೇನು?"

"ಅದನ್ನ ಆರಿಸ್ರಿ," ಎಂದೆ, ಅಡುಗೆಮನೆಯಿಂದಲೇ.

"ಆರಸಾಕ ಬರೂದಿಲ್ಲ!" ಇವರ ಹಣೆಯಲ್ಲಿ ಬೆವರು. "ಅವ್ವ ಮೇನ್ ಸ್ವಿಚ್ ತೆಗೀತಾಳಂತ ಒಳಗs ಬ್ಯಾಟರಿ ಇಟ್ಟು ಬೆಸುಗೆ ಹಾಕೇನಿ. ರೇಡಿಯೋನೂ ಅದರಾಗs ಐತಿ!"

ಎರಡನೆಯ ದಿನ ಸಂಜೆ, ಸ್ಪರ್ಧೆ ಮುಗಿಯುವ ಹೊತ್ತಿಗೆ, ಗರಗರ ಸದ್ದಿನ ನಡುವೆ ಇಲಿ ಕೆಮ್ಮಿದಂಥ ದನಿ ಬಂತು. ಸೋರೆಲ್ ದ್ವೀಪ! ಇವರು ಕುರ್ಚಿಯ ಮೇಲೆ ಎದ್ದು ನಿಂತರು.

"ಸೋರೆಲ್ ದ್ವೀಪದವರೇ," ಎಂದಿತು ಯಂತ್ರ ಇಂಗ್ಲಿಷಿನಲ್ಲಿ, "ನಿಮ್ಮನ್ನು ಆಗಲೇ ಮಾತಾಡಿಸಿದ್ದೇನೆ. ಅಂಕವಿಲ್ಲ. ಮುಂದಿನವರು?"

"ಅಯ್ಯೋ, ಅದು ನಾನೋ!" ಇವರು ಮೈಕಿಗೆ ಹಾರಿದರು. ಆ ದನಿಯೂ ಯಂತ್ರದ ಲೆಕ್ಕದಲ್ಲಿ ಸೋರೆಲ್! "ಅಂಕವಿಲ್ಲ," ಎಂದು ಮೈಕು ಮುಚ್ಚಿತು. ಮೂಗು ಹಿಡಿದು ಕರೆದರು, ಅತ್ತು ಕರೆದರು. ಅಂಕವಿಲ್ಲ. ಅತ್ತ ಇಲಿಯ ದನಿ ಸಣ್ಣಗಾಗುತ್ತಿತ್ತು.

ಇವರು ನೆಲದ ಮೇಲೆ ಕುಸಿದು ನನ್ನತ್ತ ನೋಡಿದರು. ಮದುವೆಯಾದ ಮೇಲೆ ಅಷ್ಟು ಸ್ಪಷ್ಟವಾಗಿ ನನ್ನನ್ನು ನೋಡಿದ್ದು ಅದೇ ಮೊದಲಿರಬೇಕು.

"ಇಂದೂ... ನಿನ್ನ ದನಿ ಅದಕ್ಕ ಗೊತ್ತಿಲ್ಲ. ನೀ ಅದರ ಮುಂದ ಮಾತಾಡೇ ಇಲ್ಲ! ಲೈಸೆನ್ಸು ಇದ್ದವ ನಾ ಪಕ್ಕದಾಗ ಅದೇನಿ, ತಪ್ಪಿಲ್ಲ. ನಿನ್ನ ಹೆಸರು ಮಾತ್ರ ಹೇಳಬ್ಯಾಡ, ಹೇಳಿದ್ರ ಮೈಕು ಕಸಗೊಂತೈತಿ; ಲೈಸೆನ್ಸಿನಾಗಿನ ನನ್ನ ಕರೆಸಂಕೇತ ಅಷ್ಟs ಹೇಳು!"

ಕೈಯಲ್ಲಿ ರೊಟ್ಟಿಯ ಹಿಟ್ಟಿತ್ತು. ಹಾಗೆಯೇ ಹೋಗಿ ಕೂತು, ಕರೆಸಂಕೇತ ಹೇಳಿದೆ. ಯಂತ್ರ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿತು. ಆತ ನನಗೆ ಐದು-ಒಂಬತ್ತು ಕೊಟ್ಟ, ನಾನೂ ಕೊಟ್ಟೆ. ಅಲ್ಲಿ ಚಳಿ ಹೇಗಿದೆ, ಊಟಕ್ಕೇನು ಮಾಡುತ್ತೀಯಪ್ಪ ಎಂದು ಕೇಳಿದೆ.

"ಹಂಗೆಲ್ಲ ಕೇಳಬಾರದು! ಸ್ಪರ್ಧಾ ಐತಿ!" ಎಂದು ಇವರು ಹಣೆ ಬಡಿದುಕೊಂಡರು. ಆತ ಮಾತ್ರ ಡಬ್ಬದ ಮೀನು ತಿಂದು ಸಾಕಾಗಿದೆ ಎಂದು ಒಂದಿಷ್ಟು ಗೋಳು ತೋಡಿಕೊಂಡು ಹಡಗು ಹತ್ತಿದ.

ಸ್ಪರ್ಧೆ ಮುಗಿಯಿತು, ಆಕಾಶ ಖಾಲಿಯಾಯಿತು, ಯಂತ್ರ ನಿಲ್ಲಲಿಲ್ಲ. ಅದರದೇ ಕೂಗು ಭೂಮಿಯನ್ನು ಸುತ್ತಿ, ಗುರುತು ಸಿಗದಷ್ಟು ಸೊರಗಿ ಮರಳಿ ಬಂತು. ತನಗೆ ತಾನೇ ಐದು-ಒಂಬತ್ತು ಕೊಟ್ಟುಕೊಂಡು ಕಾರ್ಡು ಛಾಪಿಸಿತು. ಎರಡನೆಯ ಸುತ್ತಿಗೆ, "ನಿಮ್ಮನ್ನ ಆಗಲೇ ಮಾತಾಡಿಸೇನಿ!" ಎಂದಿತು. ಆ ಮಾತೂ ಸುತ್ತಿ ಬಂದು ಅದನ್ನೇ ಹೇಳಿತು. ಅಂಕವಿಲ್ಲ, ನಿನಗೂ ಇಲ್ಲ, ಎಂದು ಜಗಳ ಏರಿ, ಕೊನೆಗೆ ಹೊಗೆ ಬಂತು. ನಿಯಮ ಮುರಿಯದೆ ಸತ್ತಿತು, ಪಾಪ.

ಮಳೆಗಾಲ ಕಳೆದು ಸೋರೆಲ್ ದ್ವೀಪದ ಕಾರ್ಡು ಬಂತು. ಕರೆಸಂಕೇತ ಇವರದು; ಕೆಳಗೆ, "ಇಡೀ ಸ್ಪರ್ಧೆಯಲ್ಲಿ ಊಟ ವಿಚಾರಿಸಿದ ಏಕೈಕ ವ್ಯಕ್ತಿಗೆ, ಅಮ್ಮನವರಿಗೆ" ಎಂದಿತ್ತು. ಆ ಸಾಲು ಒಳಗೆ ಹೋಗುವಂತೆ ಮಡಚಿ ಇವರು ಕಟ್ಟು ಹಾಕಿಸಿದರು. ಅಷ್ಟರಲ್ಲಿ ಆ ಮಹಾರಾಯ ಸುದ್ದಿಯನ್ನು ಸಮುದ್ರದ ತುಂಬ ಹಬ್ಬಿಸಿಬಿಟ್ಟಿದ್ದ. ಈಗ ಇವರು ಹೊಸ ರೇಡಿಯೊ ಹಚ್ಚಿದರೆ ಸಾಕು, ದೇಶದೇಶದವರು ಅಮ್ಮನವರನ್ನು ಕರೆಯಿರಿ ಎನ್ನುತ್ತಾರೆ.

ನಾನು ಮನೆಯಲ್ಲಿಲ್ಲವೆಂದು ಹೇಳಿಸುತ್ತೇನೆ.